ಸರ್ಕಾರಿ ಫೈಲು ಯಾಕಿಷ್ಟು ನಿಧಾನ? ಅರ್ಧ ಜನರನ್ನ ಕಿತ್ತಾಕಿದ್ರೆ ಸರಿಹೋಗತ್ತಾ?

ಅಲೆದು_ಸುಸ್ತಾದವನು:

ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೀತಿರೋ ಪ್ರಶ್ನೆ ಇದು, ಜಗಳಕ್ಕೆ ಕೇಳ್ತಿಲ್ಲ, ನಿಜವಾಗ್ಲೂ ಅರ್ಥ ಆಗದೆ ಕೇಳ್ತಿದೀನಿ. ಒಂದು ದಾಖಲೇಲಿ ನನ್ನ ಹೆಸರಿನ ಒಂದಕ್ಷರ ತಪ್ಪಾಗಿತ್ತು. ತಪ್ಪು ಮಾಡಿದ್ದು ಕಚೇರಿಯವರೇ, ನಾನು ಕೊಟ್ಟ ಅರ್ಜೀಲಿ ಸರಿಯಾಗೇ ಇತ್ತು, ಆ ಅರ್ಜಿ ಅವರ ಫೈಲಲ್ಲೇ ಇದೆ, ಆದ್ರೂ ಸರಿಮಾಡಿಸೋಕೆ ನಾಲ್ಕು ತಿಂಗಳು ಅಲೆದೆ. ಒಬ್ರು ಅಫಿಡವಿಟ್ ತನ್ನಿ ಅಂದ್ರು, ಇನ್ನೊಬ್ರು ಬರೀ ಅಫಿಡವಿಟ್ ಸಾಕಾಗಲ್ಲ ಅಂದ್ರು, ಮೂರನೆಯವರು ಸಾಹೇಬ್ರು ರಜೆ ಅಂದ್ರು. ಯಾರೂ ಲಂಚ ಕೇಳಲಿಲ್ಲ, ಅದನ್ನೂ ಹೇಳ್ಬೇಕು. ಕೇಳಿದ್ರೆ ಬೈಯೋಕಾದ್ರೂ ಒಂದು ಕಾರಣ ಸಿಗ್ತಿತ್ತು. ಎಲ್ರೂ ಮರ್ಯಾದೆಯಾಗೇ ಮಾತಾಡಿದ್ರು, ಕೆಲಸ ಮಾತ್ರ ಆಗ್ಲಿಲ್ಲ.

ಪ್ರಶ್ನೆ ಇಷ್ಟೇ. ಇಷ್ಟು ಜನ, ಇಷ್ಟು ಮೇಜು, ಇಷ್ಟು ರುಜು ನಿಜವಾಗ್ಲೂ ಬೇಕಾ? ಸುಧಾರಣೆ ಸುಧಾರಣೆ ಅಂತ ಎಲ್ಲಾ ದೇಶದಲ್ಲೂ ಪ್ರತಿ ಸರ್ಕಾರಾನೂ ಹೇಳತ್ತೆ, ಆದ್ರೂ ಅದೇ ಕೌಂಟರ್, ಅದೇ ಕ್ಯೂ. ತೊಂದರೆ ಜನರದ್ದಾ, ನಿಯಮದ್ದಾ, ಅಥವಾ ನಾನೇ ಏನೋ ತಪ್ಪು ತಿಳ್ಕೊಂಡಿದೀನಾ?

ನೇರಾನೇರ:

ತಪ್ಪು ತಿಳ್ಕೊಂಡಿಲ್ಲ ಗುರು. ಅರ್ಧ ಜನರನ್ನ ಮನೆಗೆ ಕಳ್ಸಿ, ಉಳಿದ ಅರ್ಧ ತಾನಾಗೇ ಕೆಲಸ ಮಾಡತ್ತೆ. ಇದು ನನ್ ಮಾತಲ್ಲ, ಪಾರ್ಕಿನ್ಸನ್ ಅಂತ ಒಬ್ಬ ನೌಕಾಪಡೆ ಇತಿಹಾಸಕಾರ 1955ರಲ್ಲೇ ಲೆಕ್ಕ ಹಾಕಿ ತೋರ್ಸಿದಾನೆ. 1914ರಲ್ಲಿ ಬ್ರಿಟಿಷ್ ನೌಕಾಪಡೇಲಿ ಸೇವೆಯಲ್ಲಿದ್ದ ದೊಡ್ಡ ಯುದ್ಧನೌಕೆ 62, 1928ಕ್ಕೆ ಬರೀ 20. ಹಡಗು ಮೂರನೇ ಒಂದು ಭಾಗಕ್ಕೆ ಇಳೀತಲ್ಲಾ, ಹಾಗಾದ್ರೆ ಕಚೇರೀಲಿ ಕೂತೋರೂ ಇಳೀಬೇಕು ತಾನೆ? ಅಡ್ಮಿರಾಲ್ಟಿ, ಅಂದ್ರೆ ಆ ನೌಕಾಪಡೆ ನಡ್ಸೋ ಕಚೇರಿ, ಅದರ ಅಧಿಕಾರಿಗಳು 2,000 ಇದ್ದೋರು 3,569 ಆದ್ರು. ಹಡಗಿಲ್ದೆ ಇರೋ ನೌಕಾಪಡೆ ನಡ್ಸೋಕೆ ಜಾಸ್ತಿ ಜನ ಬೇಕಾಯ್ತಂತೆ. ಒಬ್ಬ ಅಧಿಕಾರಿಗೆ ಕೆಲಸ ಜಾಸ್ತಿ ಅನ್ನಿಸಿದ್ರೆ ಅವನು ಸಮಾನನನ್ನ ಕೇಳಲ್ಲ, ಕೆಳಗೆ ಇಬ್ಬರನ್ನ ಕೇಳ್ತಾನೆ, ಆಮೇಲೆ ಆ ಇಬ್ರು ಬರೆದಿದ್ದನ್ನ ತಿದ್ದೋದೇ ಅವನ ಕೆಲಸ. ಇನ್ನೇನು ಬೇಕು.

ಹಳೇ_ಗುಮಾಸ್ತ:

ಮೂವತ್ತು ವರ್ಷ ಫೈಲ್ ಹೊತ್ತು ರಿಟೈರ್ ಆದೋನು ನಾನು. ಇಲಾಖೆ ಹೆಸರು ಬೇಡ, ಬಿಡಿ. ನೇರಾನೇರ ಅವ್ರು ಹೇಳಿದ ಹಾಗೆ ಮೇಲಿನೋರು ಕೆಳಗಿನೋರು ಬರೆದಿದ್ದನ್ನ ತಿದ್ದೋದು ನಿಜ, ನನ್ನ ಎಷ್ಟೋ ಟಿಪ್ಪಣಿಲಿ ‘ಆದ್ದರಿಂದ’ ತೆಗ್ದು ‘ಆದಕಾರಣ’ ಮಾಡಿ ವಾಪಸ್ ಕಳ್ಸಿದ್ರು, ಆಮೇಲೆ ಬಂದ ಸಾಹೇಬ್ರು ‘ಆದಕಾರಣ’ ತೆಗ್ದು ‘ಆದ್ದರಿಂದ’ ಮಾಡಿದ್ರು. ಆದ್ರೆ ಫೈಲ್ ನಿಲ್ಲೋದು ಅದಕ್ಕಲ್ಲ.

ನೋಡಪ್ಪಾ ಸುಸ್ತಾದವನೇ, ನಿನ್ನ ಹೆಸರು ತಿದ್ದೋ ಕಾಗದ ನನ್ನ ಮೇಜಿಗೆ ಬಂತು ಅಂದ್ಕೋ. ನಾನು ರುಜು ಹಾಕ್ದೆ, ಎಲ್ಲ ಸರಿ ಇತ್ತು, ನಿನಗೆ ಸಂತೋಷ ಆಯ್ತು, ನನಗೇನು ಸಿಕ್ತು? ಏನೂ ಇಲ್ಲ. ಅದೇ ನೀನು ಸುಳ್ಳು ಹೇಳಿದ್ದೆ ಅಂದ್ಕೋ, ಬೇರೆ ಯಾರದ್ದೋ ಹೆಸರು ಹೊಡ್ಕೊಂಡು ಆಸ್ತಿ ಬರೆಸ್ಕೊಂಡೆ ಅಂದ್ಕೋ, ಐದು ವರ್ಷ ಆದ್ಮೇಲೆ ಆಡಿಟ್‌ನೋರು ಬರ್ತಾರೆ, ಯಾರ ರುಜು ಇದು ಅಂತ ಕೇಳ್ತಾರೆ. ಮೆಮೊ, ವಿಚಾರಣೆ, ಇನ್‌ಕ್ರಿಮೆಂಟ್ ಕಟ್, ರಿಟೈರ್ ಆಗೋ ಹೊತ್ತಿಗೆ ಪೆನ್ಷನ್ ತಡೆ. ಈಗ ಮೂರನೇ ದಾರಿ, ನಾನು ರುಜು ಹಾಕ್ಲೂ ಇಲ್ಲ, ತಿರಸ್ಕಾರನೂ ಮಾಡ್ಲಿಲ್ಲ, ‘ಇನ್ನೊಂದು ದಾಖಲೆ ಲಗತ್ತಿಸಿ’ ಅಂತ ಬರ್ದೆ. ನನಗೇನಾಗತ್ತೆ? ಏನೂ ಆಗಲ್ಲ. ಯಾವ ಆಡಿಟ್‌ನೋನೂ ಇಷ್ಟು ವರ್ಷದಲ್ಲಿ ನನ್ನ ಹತ್ರ ಬಂದು ಈ ಮನುಷ್ಯನ್ನ ನಾಲ್ಕು ತಿಂಗಳು ಯಾಕೆ ಅಲೆಸಿದ್ರಿ ಅಂತ ಕೇಳಿಲ್ಲ. ಕೊಟ್ಟಿದ್ದಕ್ಕೆ ಆಕ್ಷೇಪಣೆ ಬರತ್ತೆ, ಕೊಡ್ದೆ ಇದ್ದಿದ್ದಕ್ಕೆ ಬರಲ್ಲ. ಹೀಗಿರೋವಾಗ ನೀನು ನನ್ನ ಜಾಗದಲ್ಲಿದ್ರೆ ಏನ್ ಮಾಡ್ತಿದ್ದೆ ಹೇಳು.

ಅದಕ್ಕೇ ರುಜುಗಳು ಬೆಳೀತಾ ಹೋಗೋದು. ನಾನು ‘ಪರಿಶೀಲಿಸಿದೆ, ಆದೇಶಕ್ಕೆ ಮಂಡಿಸಿದೆ’ ಅಂತ ಮೇಲೆ ಕಳಿಸ್ತೀನಿ, ಮೇಲಿನವರು ‘ಚರ್ಚಿಸಿ’ ಅಂತ ಒಂದೇ ಪದ ಬರ್ದು ಕೆಳಗೆ ಕಳಿಸ್ತಾರೆ. ಈ ‘ಚರ್ಚಿಸಿ’ ಅನ್ನೋದು ದೊಡ್ಡ ಕಲೆ, ಫೈಲ್ ನೋಡ್ದಂಗೂ ಆಯ್ತು ನಿರ್ಧಾರ ಮಾಡ್ದಂಗೂ ಆಗ್ಲಿಲ್ಲ. ಐದು ಜನ ರುಜು ಹಾಕಿದ್ರೆ ಐದು ಸಲ ಪರಿಶೀಲನೆ ಆಯ್ತು ಅಂತ ಜನ ಅಂದ್ಕೋತಾರೆ. ಒಂದು ಸಲಾನೂ ಆಗಿರಲ್ಲ. ಮೊದಲನೆಯವನು ಮೇಲಿನವರು ನೋಡ್ತಾರೆ ಅಂತ ಹಾಕ್ತಾನೆ, ಕೊನೆಯವನು ಕೆಳಗಿನವರು ನೋಡಿರ್ತಾರೆ ಅಂತ ಹಾಕ್ತಾನೆ.

ಜನರನ್ನ ತೆಗೀತೀವಿ ಅಂದ್ರೆ ತೆಗೀರಿ. ಭಯ ಹಾಗೇ ಇದ್ರೆ ಉಳಿದ ಅರ್ಧ ಜನಾನೂ ಇದನ್ನೇ ಮಾಡ್ತಾರೆ, ಕ್ಯೂ ಮಾತ್ರ ಎರಡರಷ್ಟು ಆಗತ್ತೆ.

ಇತಿಹಾಸದ_ಹುಳ:

ಗುಮಾಸ್ತ ಸರ್ ಹೇಳಿದ್ದಕ್ಕೆ ಹಿಂದಿನ ಕಥೆ ಸ್ವಲ್ಪ ಸೇರಿಸ್ತೀನಿ, ಉದ್ದ ಆಗ್ಬಹುದು ಕ್ಷಮಿಸಿ.

ಇವತ್ತು ನಾವು ಬೈಯೋ ಈ ನಿಯಮ, ಪರೀಕ್ಷೆ, ಖಾಯಂ ನೌಕರಿ ಇವೆಲ್ಲ ಒಂದು ಕಾಲಕ್ಕೆ ಸುಧಾರಣೆ ಆಗಿ ಬಂದಿದ್ದೇ. ಮುಂಚೆ ಹೇಗಿತ್ತು ನೋಡಿ, ಫ್ರಾನ್ಸಲ್ಲಿ ಸರ್ಕಾರಿ ಹುದ್ದೇನ ದುಡ್ಡು ಕೊಟ್ಟು ಕೊಂಡ್ಕೋಬಹುದಿತ್ತು, 1604ರಿಂದ ವರ್ಷಕ್ಕಿಷ್ಟು ಅಂತ ತೆರಿಗೆ ಕಟ್ಟಿದ್ರೆ ಆ ಹುದ್ದೇನ ಮಗನಿಗೂ ಬಿಟ್ಟು ಹೋಗ್ಬಹುದಿತ್ತು, ಹೊಲ ಮನೆ ಬಿಟ್ಟು ಹೋದಂಗೆ. 1789ರ ಕ್ರಾಂತಿ ಬಂದ್ಮೇಲೇ ಅದು ನಿಂತಿದ್ದು. ಹಾಕಿದ ದುಡ್ಡು ಎಲ್ಲಿಂದ ವಾಪಸ್ ತಗೋತಿದ್ರು ಅಂತ ಹೇಳ್ಬೇಕಾಗಿಲ್ಲ. ಅಮೆರಿಕಾದಲ್ಲಿ ಇನ್ನೊಂದು ತರ, ಪಕ್ಷ ಗೆದ್ರೆ ಪೋಸ್ಟ್ ಮಾಸ್ಟರ್‌ನಿಂದ ಹಿಡ್ದು ಎಲ್ಲಾ ನೌಕರಿ ಗೆದ್ದೋರ ಕಡೆಯವ್ರಿಗೆ. 1881ರಲ್ಲಿ ಗಾರ್ಫೀಲ್ಡ್ ಅಧ್ಯಕ್ಷ ಆದ, ಗಿಟೋ ಅನ್ನೋ ಒಬ್ಬ ನಾನೂ ಪ್ರಚಾರ ಮಾಡಿದೀನಿ ನನಗೂ ವಿದೇಶದಲ್ಲಿ ಒಂದು ಹುದ್ದೆ ಕೊಡಿ ಅಂತ ದಿನಾ ಅಲೆದ, ಸಿಗಲಿಲ್ಲ, ಜುಲೈ ತಿಂಗಳಲ್ಲಿ ಅಧ್ಯಕ್ಷನಿಗೇ ಗುಂಡು ಹೊಡೆದ. ಅದಾದ್ಮೇಲೆ 1883ರಲ್ಲಿ ಪೆಂಡಲ್ಟನ್ ಕಾಯ್ದೆ ಬಂತು, ಪರೀಕ್ಷೆ ಪಾಸಾದೋರಿಗೆ ನೌಕರಿ, ರಾಜಕೀಯ ಕಾರಣಕ್ಕೆ ತೆಗೆಯೋ ಹಾಗಿಲ್ಲ. ಶುರೂಲಿ ಫೆಡರಲ್ ಹುದ್ದೆಗಳಲ್ಲಿ ಸುಮಾರು ಹತ್ತನೇ ಒಂದು ಭಾಗಕ್ಕೆ ಮಾತ್ರ ಅನ್ವಯ ಆಗಿದ್ದು, ಆಮೇಲೆ ಬೆಳೀತು. ಬ್ರಿಟನ್ನಲ್ಲಿ 1854ರ ನಾರ್ತ್‌ಕೋಟ್–ಟ್ರೆವೆಲ್ಯನ್ ವರದಿ ಇದನ್ನೇ ಹೇಳಿತ್ತು, ಹುದ್ದೆ ಶಿಫಾರಸಿನ ಮೇಲಲ್ಲ ಪರೀಕ್ಷೆ ಮೇಲೆ ಕೊಡಿ ಅಂತ, ಅದು ಬಹುತೇಕ ಇಲಾಖೇಲಿ ಜಾರಿಗೆ ಬರೋಕೆ 1870 ಆಯ್ತು. ಸುಧಾರಣೆ ವರದಿ ಕಪಾಟಲ್ಲಿ ಧೂಳು ತಿನ್ನೋದು ಹೊಸದೇನಲ್ಲ ಅನ್ನೋಕೆ ಹೇಳ್ದೆ. ಚೀನಾದಲ್ಲಂತೂ ಪರೀಕ್ಷೆ ಸುಮಾರು ಸಾವಿರದ ಮುನ್ನೂರು ವರ್ಷ ನಡೀತು, 1905ರಲ್ಲಿ ನಿಲ್ಲಿಸಿದ್ರು, ಶಾಸ್ತ್ರಗ್ರಂಥ ಬಾಯಿಪಾಠ ಮಾಡ್ದೋನು ರೈಲು, ಸೈನ್ಯ ಎಲ್ಲ ನಡ್ಸೋಕಾಗಲ್ಲ ಅಂತ ಕೊನೆಗೂ ಅರ್ಥ ಆಯ್ತು.

ಅಂದ್ರೆ ಖಾಯಂ ನೌಕರಿ ಬಂದಿದ್ದು ಸೋಮಾರಿಗಳನ್ನ ಸಾಕೋಕಲ್ಲ. ಸಚಿವರು ‘ಇದು ನಮ್ಮವನಿಗೆ ಕೊಡು’ ಅಂದಾಗ ‘ಕೊಡೋಕೆ ಬರಲ್ಲ ಸರ್’ ಅನ್ನೋಕೆ ಧೈರ್ಯ ಇರ್ಲಿ ಅಂತ. ಆ ಧೈರ್ಯ ಎಷ್ಟು ಜನ ತೋರಿಸ್ತಾರೆ ಅನ್ನೋದು ಬೇರೆ ಮಾತು.

ನೇರಾನೇರ ಅವ್ರಿಗೆ ಒಂದು. ಪಾರ್ಕಿನ್ಸನ್ ಅಂಕಿ ಸರಿ ಇದೆ, ಔಷಧಿ ತಪ್ಪು. ಒಂದೇ ಏಟಿಗೆ ಜನರನ್ನ ತೆಗೆದಿದ್ದು ನೋಡ್ಬೇಕಂದ್ರೆ 2003ರ ಇರಾಕ್ ನೋಡಿ. ಮೇ ತಿಂಗಳಲ್ಲಿ ಸದ್ದಾಂ ಹುಸೇನ್‌ನ ಬಾತ್ ಪಕ್ಷದ ಮೇಲಿನ ಸ್ತರದ ಸದಸ್ಯರೆಲ್ಲಾ ಸರ್ಕಾರಿ ಕೆಲಸದಿಂದ ಔಟ್ ಅಂತ ಆದೇಶ ಹೊರಡ್ತು. ಹೋದೋರ ಜೊತೆ ಯಾವ ಪಂಪ್ ಎಲ್ಲಿದೆ, ಯಾವ ಸ್ಟೋರಲ್ಲಿ ಏನಿದೆ, ಯಾರ ಸಂಬಳ ಎಷ್ಟು ಅನ್ನೋ ತಿಳುವಳಿಕೇನೂ ಹೋಯ್ತು. ಆ ದೇಶ ಅದರ ಬೆಲೆ ವರ್ಷಗಟ್ಟಲೆ ತೆತ್ತಿದೆ. ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ್ರೆ ಹೀಗೇ.

ನೇರಾನೇರ:

ಇರಾಕಲ್ಲಿ ಯುದ್ಧ ಆಗಿತ್ತು ಸ್ವಾಮಿ, ಅದನ್ನ ಇಲ್ಲಿ ತಂದ್ರೆ ಹೇಗೆ. ಜಾರ್ಜಿಯಾ ದೇಶದ ಕಥೆ ಹೇಳಿ ನೋಡೋಣ. 2003ರ ಕ್ರಾಂತಿ ಆದ್ಮೇಲೆ ಅಲ್ಲಿ ಇಡೀ ಟ್ರಾಫಿಕ್ ಪೊಲೀಸ್ ವ್ಯವಸ್ಥೇನೇ ವಜಾ ಮಾಡಿದ್ರು, ಹೊಸಬರನ್ನ ತಗೊಂಡ್ರು, ಸಂಬಳ ಜಾಸ್ತಿ ಮಾಡಿದ್ರು, ರಸ್ತೇಲಿ ಲಂಚ ಕೇಳೋದು ಬಹುತೇಕ ನಿಂತೇ ಹೋಯ್ತು. ಕಿತ್ತಾಕಿದ್ರೆ ಕೆಲಸ ಆಗತ್ತೆ.

ಇತಿಹಾಸದ_ಹುಳ:

ಒಳ್ಳೆ ಉದಾಹರಣೆ, ಒಪ್ತೀನಿ. ಆದ್ರೆ ನೀವೇ ಹೇಳಿದ್ರಲ್ಲ, ಸಂಬಳ ಜಾಸ್ತಿ ಮಾಡಿ ಹೊಸಬರನ್ನ ತಗೊಂಡ್ರು ಅಂತ. ಅದು ಕಿತ್ತಾಕಿದ್ದಲ್ಲ, ಕಿತ್ತು ಮತ್ತೆ ಕಟ್ಟಿದ್ದು. ಜೊತೆಗೆ ರಸ್ತೇಲಿ ಕೈ ಒಡ್ಡೋ ಪೊಲೀಸ್ ಒಂದಿಷ್ಟು ದಿನ ಇಲ್ಲದಿದ್ರೆ ವಾಹನ ಓಡತ್ತೆ, ಪೆನ್ಷನ್ ಕಚೇರಿ ಒಂದು ತಿಂಗಳು ಮುಚ್ಚಿದ್ರೆ ವಯಸ್ಸಾದೋರ ಕಥೆ ಏನು?

ಕೋಡ್_ಬರೆಯೋಳು:

ಯಾರೂ ಇನ್ನೂ ‘ಎಲ್ಲಾ ಆನ್‌ಲೈನ್ ಮಾಡ್ಬಿಡಿ’ ಅಂದಿಲ್ಲ, ಆಶ್ಚರ್ಯ. ಯಾರಾದ್ರೂ ಅನ್ನೋಕ್ ಮುಂಚೆ ನಾನೇ ಬರ್ತೀನಿ, ಏಳು ವರ್ಷ ಇಂಥದ್ದೇ ಸಾಫ್ಟ್‌ವೇರ್ ಮಾಡಿದೀನಿ.

ನಾನು ಮಾಡಿದ ಮೊದಲ ಪ್ರಾಜೆಕ್ಟಲ್ಲಿ ಪೇಪರ್ ಫಾರಂನಲ್ಲಿ ತಂದೆ ಹೆಸರು ಮೂರು ಕಡೆ ಇತ್ತು. ಆನ್‌ಲೈನ್ ಫಾರಂಲೂ ಮೂರು ಕಡೆ ಇಡಿ ಅಂದ್ರು. ಯಾಕೆ ಅಂದೆ, ಮೂರು ಸೆಕ್ಷನ್‌ನೋರು ಬೇರೆಬೇರೆ ನೋಡ್ತಾರೆ ಅಂದ್ರು. ಆಮೇಲೆ ಅದನ್ನ ಪ್ರಿಂಟ್ ತೆಗ್ದು ರುಜು ಹಾಕಿ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡೋ ಬಟನ್ ಬೇಕು ಅಂದ್ರು. ಮಾಡ್ಕೊಟ್ಟೆ. ಉದ್ಘಾಟನೆ ಆಯ್ತು, ದೀಪ ಹಚ್ಚಿದ್ರು, ಫೋಟೋ ಬಂತು. ಕ್ಯೂ ಕೌಂಟರ್‌ನಿಂದ ಸೈಬರ್ ಸೆಂಟರ್‌ಗೆ ಶಿಫ್ಟ್ ಆಯ್ತು ಅಷ್ಟೇ.

ಎಸ್ಟೋನಿಯಾ ಎಲ್ರೂ ಹೇಳ್ತಾರೆ, ಆದ್ರೆ ಅಲ್ಲಿ ಕೆಲಸ ಮಾಡಿದ್ದು ವೆಬ್‌ಸೈಟ್ ಅಲ್ಲ. 2001ರಲ್ಲಿ ಎಕ್ಸ್-ರೋಡ್ ಅಂತ ಶುರುಮಾಡಿದ್ರು, ಒಂದು ಇಲಾಖೆ ಡೇಟಾ ಇನ್ನೊಂದು ಇಲಾಖೆ ನೇರವಾಗಿ ಕೇಳಿ ತಗೊಳ್ಳೋ ವ್ಯವಸ್ಥೆ, ಮತ್ತೆ ಕಾನೂನಲ್ಲೇ ಬರ್ದಿದಾರೆ, ಒಂದೇ ಮಾಹಿತಿ ಸಂಗ್ರಹಿಸೋಕೆ ಇನ್ನೊಂದು ಡೇಟಾಬೇಸ್ ಮಾಡೋ ಹಾಗಿಲ್ಲ ಅಂತ. ಸರ್ಕಾರದ ಹತ್ರ ಒಮ್ಮೆ ಇರೋದನ್ನ ನಾಗರಿಕನ ಹತ್ರ ಮತ್ತೆ ಕೇಳಬಾರ್ದು. ಅಲ್ಲಿದ್ದಿದ್ರೆ ಪ್ರಶ್ನೆ ಕೇಳಿದವ್ರ ನಾಲ್ಕು ತಿಂಗಳು ಬಹುಶಃ ಉಳೀತಿತ್ತು, ಯಾಕಂದ್ರೆ ಸರಿ ಇರೋ ಅರ್ಜಿ ಅವರ ಫೈಲಲ್ಲೇ ಇದೆಯಲ್ಲ.

ಈಗ ಇನ್ನೊಂದು ಮುಖ. ಗುಮಾಸ್ತ ಸರ್ ಭಯ ಅಂದ್ರಲ್ಲ, ಕಂಪ್ಯೂಟರ್‌ಗೆ ಭಯ ಇಲ್ಲ, ಅದೂ ಅಪಾಯಾನೇ. ನೆದರ್‌ಲ್ಯಾಂಡ್ಸಲ್ಲಿ ಮಕ್ಕಳ ಪಾಲನೆಗೆ ಸರ್ಕಾರ ಕೊಡೋ ಭತ್ಯದಲ್ಲಿ ಮೋಸ ಹಿಡೀತೀವಿ ಅಂತ ಹೊರಟ್ರು, ಯಾರನ್ನ ಅನುಮಾನಿಸ್ಬೇಕು ಅಂತ ಕಂಪ್ಯೂಟರ್ ಹೇಳೋದು, ಆ ದೇಶದ ಪೌರತ್ವ ಇಲ್ಲದಿದ್ರೆ ಅದೂ ಲೆಕ್ಕಕ್ಕೆ ಬರ್ತಿತ್ತು. ಒಂದು ರುಜು ಬಿಟ್ಟುಹೋಗಿದ್ರೂ ಇಡೀ ವರ್ಷದ ಭತ್ಯ ವಾಪಸ್ ಕಟ್ಟಿ ಅಂದ್ರು. ಸಾವಿರಾರು ಕುಟುಂಬ ಸಾಲಕ್ಕೆ ಬಿದ್ವು, ಮನೆ ಕಳ್ಕೊಂಡ್ರು. 2021ರ ಜನವರೀಲಿ ಸರ್ಕಾರಾನೇ ರಾಜೀನಾಮೆ ಕೊಡ್ತು. ಆಸ್ಟ್ರೇಲಿಯಾದಲ್ಲಿ ರೋಬೋಡೆಟ್ ಅಂತ ಇನ್ನೊಂದು, ವರ್ಷದ ಆದಾಯಾನ ಸರಾಸರಿ ಮಾಡಿ ಹದಿನೈದು ದಿನಕ್ಕೆ ಭಾಗ ಹಾಕಿ ನೀವು ಸರ್ಕಾರದ ಸಹಾಯಧನ ಜಾಸ್ತಿ ತಗೊಂಡಿದೀರಿ ವಾಪಸ್ ಕಟ್ಟಿ ಅಂತ ಲಕ್ಷಾಂತರ ಜನಕ್ಕೆ ನೋಟಿಸ್. ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಕೆಲಸ ಸಿಕ್ಕೋನ ಲೆಕ್ಕ ಹಾಗೆ ಹಾಕೋಕಾಗತ್ತಾ? ಕಾನೂನಿಗೆ ವಿರುದ್ಧ ಅಂತ ಸಾಬೀತಾಯ್ತು, 2023ರಲ್ಲಿ ರಾಯಲ್ ಕಮಿಷನ್ ಅನ್ನೋ ತನಿಖಾ ಆಯೋಗದ ವರದಿ ಬಂತು. ಎರಡೂ ಕಡೆ ಇದು ತಪ್ಪು ಅಂತ ಒಳಗಿನ ಕೆಲವು ನೌಕರರು ಮೊದಲೇ ಹೇಳಿದ್ರು, ಮೇಲೆ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಕೌಂಟರ್ ಹಿಂದೆ ಕೂತ ಮನುಷ್ಯ ‘ಇದ್ಯಾಕೋ ಸರಿ ಕಾಣ್ತಿಲ್ವಲ್ಲ’ ಅನ್ನೋಕಾದ್ರೂ ಇರ್ಬೇಕು, ಅವನ ಮಾತು ಮೇಲಕ್ಕೆ ಹೋಗ್ಬೇಕು.

ಕೋಡ್ ಬರ್ದು ಅನ್ನ ತಿನ್ನೋಳೇ ಈ ಮಾತು ಹೇಳ್ತಿದೀನಿ, ಗಮನಿಸಿ :)

ಅಲೆದು_ಸುಸ್ತಾದವನು:

ಇಷ್ಟೆಲ್ಲಾ ಬರ್ತವೆ ಅಂತ ಅಂದ್ಕೊಂಡಿರ್ಲಿಲ್ಲ, ಥ್ಯಾಂಕ್ಸ್. ಗುಮಾಸ್ತ ಸರ್ ಹೇಳಿದ್ದು ಓದಿ ನಾನು ಬೈದ್ಕೊಂಡಿದ್ದ ಆ ಮೂರು ಜನದ ಮೇಲೆ ಸಿಟ್ಟು ಸ್ವಲ್ಪ ಇಳೀತು, ಪೂರ್ತಿ ಇಳಿದಿಲ್ಲ. ಹಾಗಾದ್ರೆ ಸುಲಭ ಅಲ್ವಾ, ಸುಮ್ನೆ ಕೂತ್ರೆ ಏನೂ ಆಗಲ್ಲ ಅನ್ನೋದೇ ರೋಗ ಆದ್ರೆ, ಇಷ್ಟು ದಿನದಲ್ಲಿ ಉತ್ತರ ಕೊಡ್ಲಿಲ್ಲ ಅಂದ್ರೆ ಮಂಜೂರಾದ ಹಾಗೆ ಅಂತ ಕಾನೂನು ಮಾಡಿದ್ರೆ?

ಕಲಮು_ಉಪಕಲಮು:

ಮಾಡಿದಾರೆ. ಫ್ರಾನ್ಸಲ್ಲಿ ಹಳೇ ನಿಯಮ ಏನಿತ್ತಂದ್ರೆ ಸರ್ಕಾರ ಸುಮ್ಮನಿದ್ರೆ ಅರ್ಜಿ ತಿರಸ್ಕಾರ ಆಯ್ತು ಅಂತ ಅರ್ಥ. 2013ರ ನವೆಂಬರ್‌ನಲ್ಲಿ ಕಾನೂನು ಉಲ್ಟಾ ಮಾಡಿದ್ರು, ಎರಡು ತಿಂಗಳು ಮೌನ ಅಂದ್ರೆ ಒಪ್ಪಿಗೆ. ಮೌನಂ ಸಮ್ಮತಿ ಲಕ್ಷಣಂ ಅಂತ ನಮ್ಮ ಹಿರಿಯರು ಹೇಳ್ತಿದ್ದಿದ್ದೇ. ಆದ್ರೆ ತಕ್ಷಣ ವಿನಾಯಿತಿ ಪಟ್ಟಿ ಬಂತು, ದುಡ್ಡಿನ ವಿಷಯಕ್ಕಿಲ್ಲ, ಭದ್ರತೆಗಿಲ್ಲ, ಇದಕ್ಕಿಲ್ಲ ಅದಕ್ಕಿಲ್ಲ, ಆ ಪಟ್ಟಿ ಎಷ್ಟು ಉದ್ದ ಆಯ್ತಂದ್ರೆ ನಮ್ಮ ಅರ್ಜಿ ಒಳಗೋ ಹೊರಗೋ ಅಂತ ತಿಳ್ಕೊಳ್ಳೋದೇ ಒಂದು ಕೆಲಸ. ಇನ್ನೊಂದು ತೊಂದ್ರೆ ಗುಮಾಸ್ತ ಸರ್‌ಗೆ ಗೊತ್ತಿರತ್ತೆ, ಗಡುವು ಹಾಕಿದ್ರೆ ಕೊನೇ ದಿನ ಒಂದು ಕೊರತೆ ಹುಡುಕಿ ‘ಅರ್ಜಿ ಅಪೂರ್ಣ’ ಅಂತ ಬರ್ದು ವಾಪಸ್. ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಗಡುವಿನೊಳಗೆ ವಿಲೇವಾರಿ ಅಂತ ಅಂಕಿಅಂಶದಲ್ಲಿ ಮಾತ್ರ ಚೆನ್ನಾಗಿ ಕಾಣತ್ತೆ.

ನ್ಯೂಜಿಲೆಂಡ್ 1988ರಲ್ಲಿ ಬೇರೆ ದಾರಿ ಹಿಡೀತು. ಇಲಾಖೆ ಮುಖ್ಯಸ್ಥರಿಗೆ ಖಾಯಂ ಹುದ್ದೆ ತೆಗ್ದು ಗರಿಷ್ಠ ಐದು ವರ್ಷದ ಕರಾರು, ಇಂತಿಂಥ ಕೆಲಸ ಆಗ್ಬೇಕು, ಹೇಗೆ ಮಾಡ್ತೀರೋ ನಿಮ್ಮಿಷ್ಟ, ಜನರನ್ನ ನೀವೇ ತಗೊಳ್ಳಿ. ಚುರುಕಾಯ್ತು, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಪ್ರತಿಯೊಬ್ರೂ ತಮ್ಮ ಕರಾರಲ್ಲಿ ಬರೆದಿದ್ದಷ್ಟೇ ಮಾಡೋಕೆ ಶುರುಮಾಡಿದ್ರು, ಎರಡು ಇಲಾಖೆ ನಡುವೆ ಬೀಳೋ ಸಮಸ್ಯೆ ಯಾರದ್ದೂ ಅಲ್ಲ ಅಂತಾಯ್ತು. 2020ರಲ್ಲಿ ಆ ಕಾಯ್ದೆ ತೆಗ್ದು ಹೊಸದು ತಂದ್ರು, ಎಲ್ಲಾ ಒಂದೇ ಸಾರ್ವಜನಿಕ ಸೇವೆ ಅಂತ ಮತ್ತೆ ಬರೀಬೇಕಾಯ್ತು.

ನನ್ನ ಅಭಿಪ್ರಾಯ ಕೇಳಿದ್ರೆ (ಯಾರೂ ಕೇಳಿಲ್ಲ) ಹೆಚ್ಚು ಫಲ ಕೊಟ್ಟಿರೋದು ಹಳೇ, ಬೋರಿಂಗ್ ಸುಧಾರಣೆಗಳೇ. ಸ್ವೀಡನ್ 1766ರಲ್ಲೇ ಸರ್ಕಾರಿ ಕಾಗದ ಯಾರು ಬೇಕಾದ್ರೂ ನೋಡ್ಬಹುದು ಅಂತ ಕಾನೂನು ಮಾಡ್ತು, 1809ರಲ್ಲಿ ಒಂಬುಡ್ಸ್‌ಮನ್ ಹುದ್ದೆ ತಂದ್ರು, ಸಂಸತ್ತಿನ ಪರವಾಗಿ ಅಧಿಕಾರಿಗಳ ಮೇಲೆ ಕಣ್ಣಿಡೋಕೆ. ಒಂಬುಡ್ಸ್‌ಮನ್ ಬರೀ ತಪ್ಪು ಮಂಜೂರಾತಿ ಅಲ್ಲ, ವಿಳಂಬಾನೂ ಕೇಳ್ತಾನೆ. ಅಂದ್ರೆ ಕೊಡ್ದೆ ಇದ್ದಿದ್ದಕ್ಕೂ ಆಕ್ಷೇಪಣೆ ಬರತ್ತೆ. ಗುಮಾಸ್ತ ಸರ್ ಹೇಳಿದ ತಕ್ಕಡೀಲಿ ಆ ಕಡೆ ತಟ್ಟೇಲಿ ಮೊದಲ ಸಲ ಏನೋ ಒಂದು ತೂಕ ಬಿತ್ತು. ಅದರ ಜೊತೆಗೆ, ಸರಿಯಾಗಿ ವಿಚಾರಿಸಿ ಒಳ್ಳೇ ಮನಸ್ಸಿಂದ ತಗೊಂಡ ನಿರ್ಧಾರ ತಪ್ಪಾದ್ರೆ ನೌಕರನ್ನ ಕಳ್ಳನ ತರ ನೋಡ್ಬಾರ್ದು. ಈ ಎರಡನೇದು ಯಾವ ರಾಜಕಾರಣಿನೂ ಹೇಳಲ್ಲ, ಚಪ್ಪಾಳೆ ಬೀಳಲ್ಲ ನೋಡಿ.

ನೇರಾನೇರ:

ಅಂದ್ರೆ ತಪ್ಪು ಮಾಡಿದೋರಿಗೆ ಮಾಫಿ ಅಂತೀರಾ? ಚೆನ್ನಾಗಿದೆ.

ಕಲಮು_ಉಪಕಲಮು:

ತಪ್ಪಿಗೂ ಕಳ್ಳತನಕ್ಕೂ ವ್ಯತ್ಯಾಸ ಮಾಡಿ ಅಂದೆ. ಡಾಕ್ಟರ್‌ಗೆ ಮಾಡಲ್ವಾ ನಾವು?

ಅಲೆದು_ಸುಸ್ತಾದವನು:

ಗುಮಾಸ್ತ ಸರ್, ಒಂದೇ ಒಂದು ಪ್ರಶ್ನೆ, ಬೇಜಾರಾಗ್ಬೇಡಿ. ಇಷ್ಟು ಚೆನ್ನಾಗಿ ಗೊತ್ತಿದ್ದೋರು ನೀವು ಒಳಗಿದ್ದಾಗ ಏನಾದ್ರೂ ಬದಲಾಯ್ಸೋಕೆ ಪ್ರಯತ್ನ ಮಾಡಿದ್ರಾ?

ಹಳೇ_ಗುಮಾಸ್ತ:

ಬೇಜಾರೇನಿಲ್ಲಪ್ಪಾ, ಕೇಳ್ಬೇಕಾದ್ದೇ. ಒಂದ್ಸಲ ಮಾಡ್ದೆ.

ನಿನ್ನಂಥದ್ದೇ ಕೇಸುಗಳು, ಸಣ್ಣಪುಟ್ಟ ಅಕ್ಷರ ತಿದ್ದುಪಡಿ. ಐದು ರುಜು ಬೇಕಿತ್ತು. ಒಂದು ವರ್ಷದ ರಿಜಿಸ್ಟರ್ ಕೂತ್ಕೊಂಡು ನೋಡ್ದೆ, ಮೊದಲನೇ ಮೇಜಲ್ಲಿ ಸರಿ ಅಂದಿದ್ದನ್ನ ಮೇಲೆ ಯಾರೂ ಒಂದೇ ಒಂದು ಸಲಾನೂ ಬೇಡ ಅಂದಿರ್ಲಿಲ್ಲ. ಅದನ್ನೇ ಪಟ್ಟಿ ಮಾಡಿ, ಕಚೇರಿಯ ತಪ್ಪಿನಿಂದ ಆದ ಅಕ್ಷರದೋಷಕ್ಕೆ ಎರಡು ರುಜು ಸಾಕು ಅಂತ ಟಿಪ್ಪಣಿ ಬರ್ದೆ. ಆ ಟಿಪ್ಪಣಿಗೆ ‘ಚರ್ಚಿಸಿ’ ಅಂತ ನಾಲ್ಕು ಸಲ ಬಂತು. ನಗ್ಬೇಡಿ. ಮೂರು ವರ್ಷ ಆದ್ಮೇಲೆ ಒಬ್ಬ ಮೇಡಂ ಬಂದ್ರು, ಓದಿದ್ರು, ನನ್ನ ಕರ್ದು ಎರಡು ಪ್ರಶ್ನೆ ಕೇಳಿ ಅವತ್ತೇ ಆದೇಶ ಮಾಡಿದ್ರು. ಎರಡು ತಿಂಗಳು ಹಿಡೀತಿದ್ದ ಕೆಲಸ ಮೂರು ದಿನಕ್ಕೆ ಆಗೋಕೆ ಶುರುವಾಯ್ತು. ಜನ ಬಂದು ಇಷ್ಟು ಬೇಗ ಆಯ್ತಾ, ಇದು ಅಸಲೀನಾ ಅಂತ ಕೇಳೋರು.

ಒಂದೂವರೆ ವರ್ಷ ನಡೀತು. ಆಮೇಲೆ ಮೇಡಂಗೆ ವರ್ಗ ಆಯ್ತು, ಅದೇ ಹೊತ್ತಿಗೆ ಬೇರೆ ಯಾವುದೋ ಸೆಕ್ಷನ್‌ನಲ್ಲಿ ಒಬ್ಬ ನಕಲಿ ದಾಖಲೆಗೆ ರುಜು ಹಾಕಿ ಸಿಕ್ಕಿಬಿದ್ದ. ನಮ್ಮ ಕೆಲಸಕ್ಕೂ ಅದಕ್ಕೂ ಸಂಬಂಧಾನೇ ಇರ್ಲಿಲ್ಲ. ವಾರದೊಳಗೆ ಎಲ್ಲಾ ಸೆಕ್ಷನ್‌ಗೂ ಸುತ್ತೋಲೆ ಬಂತು, ಹಳೇ ಐದು ರುಜು ವಾಪಸ್, ಜೊತೆಗೆ ವಿಶೇಷ ಪರಿಶೀಲನೆ ಅಂತ ಆರನೇದು.

ಆ ಆರನೇ ರುಜು ಹಾಕೋ ಕೆಲಸ ನನಗೇ ಬಿತ್ತು. ಪ್ರಮೋಷನ್ ಆಗಿತ್ತಲ್ಲ.